ಮೂಕಮ್ಮ ಮಾಡದ ತಪ್ಪು

ಬಳ್ಳಾರಿಯ ಜೀನ್ಸ್ ಕಾರ್ಖಾನೆಯೊಂದರಲ್ಲಿ ದಾಕ್ಷಾಯಣಿ ಪ್ಯಾಂಟಿನ ಜೇಬಿಗೆ ಹಾಕುವ ಕಸೂತಿ ಡಿಸೈನುಗಳನ್ನು ಕಂಪ್ಯೂಟರಿನಲ್ಲಿ ಬಿಡಿಸುತ್ತಾಳೆ. ಒಂದು ಮಧ್ಯಾಹ್ನ ಕಂಪ್ಯೂಟರಿನ ಅಪ್‌ಡೇಟ್ ಮುಗಿಯುವುದನ್ನು ಕಾದು ಬೇಸತ್ತು, ನಡುವೆಯೇ ಬಟನ್ ಒತ್ತಿ ಆಫ್ ಮಾಡಿಬಿಟ್ಟಳು. ಕಂಪ್ಯೂಟರ್ ಮತ್ತೆ ಏಳಲಿಲ್ಲ. ಡಿಸೈನುಗಳನ್ನು ಬೇರೆಲ್ಲೂ ಉಳಿಸಿಟ್ಟಿರಲಿಲ್ಲ.

ಮಾಲೀಕರು ಕೇಳಿದಾಗ ಗಾಬರಿಯಾಗಿ, "ಕಸ ಹೊಡಿವಾಗ ಮೂಕಮ್ಮನ ಕಾಲು ವೈರಿಗೆ ತಾಗಿರಬೇಕ್ರಿ," ಎಂದಳು.

ಕಾರ್ಖಾನೆಯ ಕಸ ಗುಡಿಸುವ ಮೂಕಮ್ಮ ವಾದಿಸಲಿಲ್ಲ. "ತಾಗೈತೇನೋ, ನನಗ ತಿಳೀಲಿಲ್ರಿ. ತಪ್ಪಾತು," ಎಂದು ಕೈಮುಗಿದಳು.

ತಾಯಿಯ ವಯಸ್ಸಿನವಳು ಹಾಗೆ ನಿಂತಿದ್ದನ್ನು ಕಂಡು ದಾಕ್ಷಾಯಣಿ ನಾಚಿಕೆಯಿಂದ ಕುಗ್ಗಿಹೋದಳು.

"ಆಕಿದೇನೂ ತಪ್ಪಿಲ್ರಿ. ನಾನ ಆಫ್ ಮಾಡೀನಿ," ಎಂದು ಎಲ್ಲರೆದುರು ಹೇಳಿದಳು.

ಮಾಲೀಕರು ಬೈದರು. ಡಿಸೈನುಗಳನ್ನು ಹೊಸದಾಗಿ ಬಿಡಿಸಬೇಕಾಯಿತು. ಮೂಕಮ್ಮ ಇಂದಿಗೂ ಕಂಪ್ಯೂಟರಿನ ಹತ್ತಿರ ಬರಲು ಹೆದರುತ್ತಾಳೆ. ಆ ಮೂಲೆಯನ್ನು ದಾಕ್ಷಾಯಣಿಯೇ ಗುಡಿಸುತ್ತಾಳೆ.