ಕೊಸರು ಬಿಟ್ಟ ತೂಕ

ಗುಲ್ವಾಡಿಯ ಹೊಳೆಬದಿಯಲ್ಲಿ ಹುಟ್ಟಿದ ಸುಗುಣಾ 1997ರಲ್ಲಿ ಮದುವೆಯಾಗಿ ಬೈಂದೂರು ಕಡೆಯ ಕಡಲ ಬದಿಯ ಕೇರಿಗೆ ಬಂದಾಗ, ಅತ್ತೆ ಕೇಳಿದ ಮೊದಲ ಪ್ರಶ್ನೆ ಮೀನು ಕೊಯ್ಯಲು ಬರುತ್ತದೆಯೇ ಎಂದು. ಹತ್ತನೇ ತರಗತಿ ಪಾಸಾಗಿದ್ದೇನೆ ಎಂದು ಇವಳು ಉತ್ತರ ಕೊಟ್ಟಳು. ಅತ್ತೆ ಆ ಉತ್ತರವನ್ನು ಬಹಳ ಕಾಲ ಆಡಿಕೊಂಡು ನಕ್ಕರು. ಆದರೆ ಮೂರು ವರ್ಷದ ಮೇಲೆ ಕೇರಿಗೊಂದು ಅಂಗನವಾಡಿ ಮಂಜೂರಾದಾಗ, ಹತ್ತನೇ ತರಗತಿ ಪಾಸಾದ ಸೊಸೆ ಇಡೀ ಕೇರಿಯಲ್ಲಿ ಅವಳೊಬ್ಬಳೇ ಇದ್ದಳು. ಸುಗುಣಾ ಟೀಚರಾದಳು, ಅತ್ತೆಯ ನಗು ನಿಂತಿತು.

ಹಾಡು, ಕತೆ, ಅಕ್ಷರ ಎಲ್ಲವನ್ನೂ ಅವಳು ಕಲಿಸುತ್ತಿದ್ದಳು. ಆದರೆ ಅವಳಿಗೆ ನಂಬಿಕೆ ಇದ್ದದ್ದು ತೊಲೆಗೆ ನೇತುಹಾಕಿದ ತೂಕದ ಯಂತ್ರದ ಮೇಲೆ. ಗಡಿಯಾರದಂಥ ಮುಖ, ಒಂದು ಮುಳ್ಳು, ಕೆಳಗೆ ಮಗುವನ್ನು ಕೂರಿಸುವ ಬಟ್ಟೆಯ ಜೋಲಿ. ಮಗುವನ್ನು ತೂಗಿದರೆ ದೃಷ್ಟಿ ತಾಗುತ್ತದೆ ಎಂದು ಅಜ್ಜಿಯಂದಿರು ಬೈದರೆ ಇವಳು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದಳು, ಅವರು ಅತ್ತ ಹೋದ ಮೇಲೆ ತೂಗುತ್ತಿದ್ದಳು. ಹೊಟ್ಟೆ ಸುಳ್ಳು ಹೇಳಬಹುದು, ತಾಯಿ ಸುಳ್ಳು ಹೇಳಬಹುದು, ಮುಳ್ಳು ಹೇಳುವುದಿಲ್ಲ ಎನ್ನುವುದು ಅವಳ ಮಾತು. ಸ್ವಲ್ಪ ಹಟಮಾರಿ ಹೆಂಗಸು, ನಿಜ.

2009ರ ಆಗಸ್ಟ್‌ನಲ್ಲಿ ಹಂದಿಜ್ವರದ ಸುದ್ದಿ ಬಂತು. ಕೇರಿಯಲ್ಲಿ ಒಂದು ಹಂದಿಯೂ ಇರಲಿಲ್ಲ, ಹೆದರಿಕೆ ಮಾತ್ರ ಮನೆಮನೆಯಲ್ಲಿತ್ತು. ಪುಣೆಯಲ್ಲಿ ಜನ ಸಾಯುತ್ತಿದ್ದಾರೆ, ಮುಂಬಯಿಯಲ್ಲಿ ಎಲ್ಲರೂ ಮುಖಕ್ಕೆ ಬಟ್ಟೆ ಕಟ್ಟಿಕೊಂಡಿದ್ದಾರೆ ಎಂದು ಟಿ.ವಿ. ಹೇಳುತ್ತಿತ್ತು. ಅದೇ ವಾರ ಸುಗುಣಾಳ ಗಂಡ ಶೇಖರ, ಮುಂಬಯಿಯ ಹೋಟೆಲಿನಲ್ಲಿ ಅಡುಗೆ ಮಾಡುವವನು, ಊರಿಗೆ ಬಂದ. ಬಸ್ಸಿನಿಂದ ಇಳಿದು ಎರಡು ಸಲ ಕೆಮ್ಮಿದ. ಅಷ್ಟು ಸಾಕಾಯಿತು. ಸಂಜೆಯೊಳಗೆ ಅದು ಇಪ್ಪತ್ತು ಕೆಮ್ಮಾಗಿ, ಜ್ವರವಾಗಿ, ಹಂದಿಜ್ವರವೇ ಆಗಿ ಕೇರಿ ಸುತ್ತಿತು.

ಅಂಗನವಾಡಿ ಒಂದು ವಾರ ಮುಚ್ಚಿ ಎಂದು ಮೇಲಿನಿಂದ ಫೋನು ಬಂತು. ವಾರ ಕಳೆದು ಬಾಗಿಲು ತೆರೆದರೂ ಒಂದು ಮಗು ಬರಲಿಲ್ಲ. ಟೀಚರಮ್ಮ ಮಕ್ಕಳನ್ನು ಮುಟ್ಟಬಾರದು, ಯಾರ ಅಂಗಳಕ್ಕೂ ಬರಬಾರದು ಎಂದು ತಾಯಂದಿರು ಹೇಳಿ ಕಳಿಸಿದ್ದರು. ಶೇಖರನ ಕೆಮ್ಮು ಮೂರೇ ದಿನಕ್ಕೆ ಹೋಗಿತ್ತು. ಊರಿನ ತಲೆಯಿಂದ ಅದು ಹೋಗಿರಲಿಲ್ಲ.

ಸುಗುಣಾಗೆ ತುಂಬ ನೋವಾಯಿತು. ಆದರೆ ಅಳುತ್ತ ಕೂರಲು ಪುರುಸೊತ್ತಿರಲಿಲ್ಲ. ಅವಳ ಮನಸ್ಸಿನಲ್ಲಿದ್ದದ್ದು ರತ್ನಳ ಮಗಳು ನವ್ಯಾ. ಎರಡು ವರ್ಷದ ಕೂಸು, ಕೊನೆಯ ಸಲ ತೂಗಿದಾಗ ಎಂಟು ಕೆ.ಜಿ. ಆರುನೂರು ಗ್ರಾಂ. ಎಂಟಕ್ಕಿಂತ ಕೆಳಗಿಳಿದರೆ ಜೀವಕ್ಕೆ ಅಪಾಯ. ಆ ಮಗು ಸಾಲಿನಲ್ಲಿ ಕೂತು, ಆಚೀಚೆಯ ಮಕ್ಕಳು ಉಣ್ಣುವುದನ್ನು ನೋಡಿದರೆ ಮಾತ್ರ ಬಾಯಿ ತೆರೆಯುತ್ತಿತ್ತು.

ಸುಗುಣಾ ಒಂದು ಉಪಾಯ ಮಾಡಿದಳು. ಸಹಾಯಕಿ ಸೀತು ಕೇಂದ್ರದಲ್ಲಿ ಅಡುಗೆ ಮಾಡುವುದು, ಡಬ್ಬಿಗೆ ತುಂಬಿ ಪ್ರತಿ ಮನೆಯ ಬೇಲಿಗೆ ನೇತುಹಾಕುವುದು. ಸರಿ, ತೂಗುವವರು ಯಾರು? ಯಾವ ಮನೆಯೂ ಒಳಗೆ ಬರಬೇಡ ಎನ್ನದ ಒಬ್ಬಳೇ ಒಬ್ಬಳು ಕೇರಿಯಲ್ಲಿದ್ದಳು, ಮೀನು ಮಾರುವ ಸುಂದರಿ. ಜ್ವರ ಬರಲಿ, ಪ್ರಳಯವೇ ಬರಲಿ, ಮಧ್ಯಾಹ್ನಕ್ಕೆ ಮೀನಿಲ್ಲದೆ ಆಗುತ್ತದೆಯೇ?

"ಸುಂದರಕ್ಕ, ಏಳು ಮಕ್ಕಳಿದ್ದೊ. ಶನಿವಾರ ಶನಿವಾರ ತೂಗಿ, ನಂಗೆ ಬೇಲಿ ಹತ್ರ ಬಂದ್ ಹೇಳಿರೆ ಸಾಕ್" ಎಂದಳು ಸುಗುಣಾ.

"ಹ್ವಾಯ್ ಟೀಚರೇ, ಮೂವತ್ತ್ ವರ್ಷ ತಕ್ಕಡಿ ಹಿಡದವಳ್ ನಾನ್. ನಂಗೆ ತೂಗುಕೆ ಕಲಸ್ತ್ರ್ಯಾ?" ಎಂದು ಸುಂದರಿ ಯಂತ್ರವನ್ನು ಮೀನಿನ ಬುಟ್ಟಿಯ ಮೇಲೆ ಇಟ್ಟುಕೊಂಡು ಹೊರಟಳು.

ಶನಿವಾರ ಸುಂದರಿ ಹೇಳುವುದು, ಸುಗುಣಾ ಬೇಲಿಯ ಈಚೆ ನಿಂತು ಪುಸ್ತಕದಲ್ಲಿ ಬರೆದುಕೊಳ್ಳುವುದು. ನವ್ಯಾ ಮೊದಲ ವಾರ ಎಂಟು ಆರುನೂರು. ಎರಡನೆಯ ವಾರವೂ ಅಷ್ಟೇ. ಮೂರನೆಯ ವಾರ ಎಂಟು ಏಳುನೂರು. ಸುಗುಣಾ ಆ ರಾತ್ರಿ ಗಂಡನಿಗೆ ಹೇಳಿದಳು, ಮುಟ್ಟದೆಯೂ ಮಕ್ಕಳನ್ನು ಸಾಕಬಹುದು ನೋಡಿ ಎಂದು. ಹೆಮ್ಮೆ ಪಟ್ಟಳು. ಪಡಬಾರದಿತ್ತು.

ನಾಲ್ಕನೆಯ ಶನಿವಾರ, ಡಬ್ಬಿ ನೇತುಹಾಕಲು ಸುಗುಣಾ ತಾನೇ ರತ್ನಳ ಮನೆಗೆ ಹೋದಳು. ರತ್ನ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಜಗಲಿಯಲ್ಲಿ ನಿಂತಿದ್ದಳು. ಎರಡು ದಿನದಿಂದ ಮಗುವಿಗೆ ಭೇದಿಯಂತೆ. ಅಂಗಳದಷ್ಟು ದೂರದಿಂದ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಮಗುವಿನ ಸೊಂಟದ ಕಪ್ಪು ಉಡಿದಾರ ಮಾತ್ರ ಕಂಡಿತು, ಅದರ ತುದಿ ಉದ್ದವಾಗಿ ಜೋತುಬಿದ್ದಿತ್ತು.

"ಉಡಿದಾರ ಎಂತಕೆ ಅಷ್ಟ್ ಉದ್ದ ರತ್ನ?"

"ಜಾರಿ ಬೀಳತ್ತ್ ಟೀಚರೇ. ಈ ತಿಂಗಳಲ್ಲ್ ಎರಡ್ ಸಲ ಬಿಗಿ ಮಾಡಿ ಗಂಟ್ ಹಾಕ್ದೆ. ಡಬ್ಬಿ ಊಟ ಬಾಯಿಗಿಟ್ರೆ ಮುಖ ತಿರ್ಗ್ಸತ್ತ್. ಆದ್ರೆ ಸುಂದರಕ್ಕ ತೂಕ ಹೆಚ್ಚಾಯ್ತ್ ಅಂದ್ಲ್, ಹಾಂಗಾಯಿ ನಾ ಹೆದ್ರಲಿಲ್ಲೆ."

ತೂಕ ಏರುವ ಮಗುವಿನ ಉಡಿದಾರವನ್ನು ಸಡಿಲ ಮಾಡಬೇಕೇ ಹೊರತು ಬಿಗಿ ಮಾಡುವುದಲ್ಲ. ಸುಗುಣಾ ಎರಡು ಮನೆ ಆಚೆ ಮೀನು ಮಾರುತ್ತಿದ್ದ ಸುಂದರಿಯನ್ನು ಕೂಗಿ ಕರೆದಳು. ಅವಳ ಬುಟ್ಟಿಯ ಮೇಲಿದ್ದ ಯಂತ್ರವನ್ನು ಜಗಲಿಯ ಅಡ್ಡಕ್ಕೆ ನೇತುಹಾಕಿ, ಮಗುವನ್ನು ಜೋಲಿಯಲ್ಲಿ ಕೂರಿಸಿದ್ದಾಯಿತು.

"ಎಂಟೂವರೆ" ಎಂದಳು ಸುಂದರಿ.

ಸುಗುಣಾ ಬೇಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆಗ ಅವಳಿಗೆ ಹೊಳೆಯಿತು. ಹನ್ನೆರಡು ವರ್ಷದಿಂದ ಸುಂದರಿಯ ಹತ್ತಿರ ಐದು ಬಂಗುಡೆ ಕೊಂಡು ಆರು ತೆಗೆದುಕೊಂಡು ಬಂದವಳು ಅವಳೇ. ಆ ಆರನೆಯದು ಕೊಸರು. ಬರಿಯ ಲೆಕ್ಕ, ಬರಿಯ ತೂಕ ಕೈ ದಾಟಿಸಿದರೆ ಸುಂದರಿಗೆ ಅವಮಾನ. ಬಡವರ ಮನೆಯಾದರೆ ಕೊಸರು ಇನ್ನೂ ಹೆಚ್ಚು.

"ಸುಂದರಕ್ಕ, ಕೊಸರು ಬಿಟ್ಟ್ ಹೇಳಿ."

ಸುಂದರಿ ಮುಳ್ಳನ್ನು ನೋಡಿದಳು, ರತ್ನಳ ಮುಖವನ್ನು ನೋಡಿದಳು.

"ಏಳ್ ಮುಕ್ಕಾಲ್" ಎಂದಳು ಕೊನೆಗೆ. "ಹೆತ್ತವಳ ಎದ್ರ್ ನಿಂತ್ಕಂಡ್ ಬರೀ ತೂಕ ಹ್ಯಾಂಗ್ ಹೇಳುದ್ ಟೀಚರೇ? ಕಮ್ಮಿ ಇದ್ದ ಮಗಿಗೆ ಚೂರ್ ಹೆಚ್ಚ್ ಹಾಕಿ ಹೇಳ್ದೆ. ಬಾಯಲ್ಲಾದ್ರೂ ಬೆಳೀಲಿ ಅಂದೇಳಿ."

ಸುಗುಣಾ ಬೇಲಿಬಾಗಿಲು ತಳ್ಳಿ ಅಂಗಳಕ್ಕೆ ಕಾಲಿಟ್ಟಳು. "ಹ್ವಾಯ್ ಟೀಚರೇ, ಒಳ್ಗೆ ಹೋಪುಕಾಗ!" ಎಂದು ಆಚೆ ಮನೆಯ ಗುಡ್ಡಜ್ಜ ಬೊಬ್ಬೆ ಹೊಡೆದ. ಸೆರಗನ್ನು ಮೂಗಿಗೆ ಕಟ್ಟಿಕೊಂಡು ಅವಳು ಮಗುವನ್ನು ಜೋಲಿಯಿಂದ ಎತ್ತಿಕೊಂಡಳು. ತೆಂಗಿನಗರಿಯ ಒಣ ಹಂಚಿಕಡ್ಡಿಯ ಕಟ್ಟಿನಷ್ಟು ಹಗುರವಿತ್ತು. ತಿಂಗಳ ಮೇಲೆ ಒಂದು ಮಗುವನ್ನು ಮುಟ್ಟಿದ್ದಳು, ಅದೂ ಹೀಗೆ. ಅವಳಿಗೆ ಅಳು ಬಂತು, ಅತ್ತಳು.

"ರತ್ನ, ಹೊರಡ್. ಕುಂದಾಪ್ರಕ್ಕೆ ಹೋಪ."

ಆಸ್ಪತ್ರೆಯಲ್ಲಿ ಹದಿನೇಳು ದಿನ ಆಯಿತು. ಮೊದಲ ಮೂರು ದಿನ ಡಾಕ್ಟರು ಭರವಸೆ ಕೊಡಲಿಲ್ಲ. ಸುಗುಣಾ ಬಸ್ಸಿನಲ್ಲಿ ಹೋಗಿ ಬರುತ್ತ, ಕಿಟಕಿಯ ಬದಿ ಕೂತು ಒಂದೇ ವಿಷಯ ಯೋಚಿಸುತ್ತಿದ್ದಳು. ಸುಂದರಿಯನ್ನು ಬೈಯುವುದು ಸುಲಭವಿತ್ತು, ಕೇರಿಯವರು ಬೈದೂ ಆಗಿತ್ತು. ಆದರೆ ಸುಂದರಿ ಕೊಟ್ಟಳು, ನಾನು ತೆಗೆದುಕೊಂಡೆ. ಬೇಲಿಯಾಚೆಯಿಂದ ಬಂದ ಒಳ್ಳೆಯ ಸಂಖ್ಯೆಯನ್ನು ಮರುಪ್ರಶ್ನೆ ಕೇಳದೆ ಬರೆದುಕೊಂಡೆ, ಆರನೆಯ ಬಂಗುಡೆಯನ್ನು ಚೀಲಕ್ಕೆ ಹಾಕಿಕೊಂಡ ಹಾಗೆ. ಮಗುವಿನ ಮುಖ ನೋಡದೆ ಮಗುವಿನ ಲೆಕ್ಕ ಇಡಬಹುದು ಎಂದುಕೊಂಡದ್ದು ನನ್ನದೇ ತಪ್ಪು.

ನವ್ಯಾ ಚೇತರಿಸಿಕೊಂಡು ಊರಿಗೆ ವಾಪಸಾದ ಮೇಲೆ ಸುಗುಣಾ ಕ್ರಮ ಬದಲಾಯಿಸಿದಳು. ಯಾರು ಬೇಡ ಎಂದರೂ ವಾರಕ್ಕೊಮ್ಮೆ ಬಟ್ಟೆ ಕಟ್ಟಿಕೊಂಡು, ಸಾಬೂನಿನಲ್ಲಿ ಕೈ ತೊಳೆದು, ಪ್ರತಿ ಅಂಗಳಕ್ಕೂ ಹೋದಳು. ಅಕ್ಕಪಕ್ಕದ ಮೂರು ನಾಲ್ಕು ಮಕ್ಕಳನ್ನು ಒಂದು ಜಗಲಿಯಲ್ಲಿ ದೂರದೂರ ಕೂರಿಸಿ ಉಣ್ಣಿಸಿದಳು. ಗುಡ್ಡಜ್ಜ ಮೊದಲು ಬೊಬ್ಬೆ ಹೊಡೆದ. ಆಮೇಲೆ ತನ್ನ ಜಗಲಿಯನ್ನೇ ಬಿಟ್ಟುಕೊಟ್ಟ.

ಅಕ್ಟೋಬರಿನಲ್ಲಿ ಅಂಗನವಾಡಿ ಮತ್ತೆ ತುಂಬಿತು. ಮೊದಲ ಶನಿವಾರ ಸುಂದರಿ ಬುಟ್ಟಿ ಹೊತ್ತು ಹೋಗುತ್ತಿದ್ದವಳು ಬಾಗಿಲಲ್ಲಿ ನಿಂತಳು, ಒಳಗೆ ಬರಲಿಲ್ಲ. ಆಸ್ಪತ್ರೆಯ ದಿನದಿಂದ ಅವಳು ಆ ಕಡೆ ಮುಖ ಹಾಕಿರಲಿಲ್ಲ.

"ಸುಂದರಕ್ಕ, ಬನ್ನಿ. ನವ್ಯಾನ ತೂಗಿ" ಎಂದಳು ಸುಗುಣಾ.

"ನಾನಾ? ಬೇಡ ಟೀಚರೇ."

"ನೀವೇ."

ಸುಂದರಿ ಬುಟ್ಟಿ ಇಳಿಸಿ, ಕೈ ತೊಳೆದು, ಮಗುವನ್ನು ಜೋಲಿಯಲ್ಲಿ ಕೂರಿಸಿದಳು. ಮುಳ್ಳು ಅಲುಗಾಡಿ ನಿಲ್ಲುವವರೆಗೂ ಕಾದಳು. ರತ್ನ ಅಲ್ಲೇ ನಿಂತಿದ್ದಳು.

"ಎಂಟ್ ಕೆ.ಜಿ. ಮುನ್ನೂರು" ಎಂದಳು. "ಮುಳ್ಳ್ ಎಲ್ಲ್ ನಿಂತಿತೋ ಅಷ್ಟೇ."

ಸುಗುಣಾ ತಾನೂ ಮುಳ್ಳು ನೋಡಿ, ಬರೆದುಕೊಂಡಳು. ಊಟಕ್ಕೆ ಮಕ್ಕಳು ಸಾಲಾಗಿ ಕೂತಾಗ, ಸುಂದರಿ ಬುಟ್ಟಿಯೊಳಗಿಂದ ಬಾಳೆಲೆಯ ಕಟ್ಟೊಂದನ್ನು ತೆಗೆದಳು. ಮನೆಯಿಂದ ಬೇಯಿಸಿ ತಂದ ಬಂಗುಡೆ. ನವ್ಯಾಳ ಪಕ್ಕ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಮುಳ್ಳು ಬಿಡಿಸಿ, ಅವಳ ಅನ್ನದ ಮೇಲೆ ಇಟ್ಟಳು.

"ಕೊಸರು ಇನ್ನ್ ಇಲ್ಲಿಗೇ ಹಾಕುದ್ ಟೀಚರೇ" ಎಂದಳು.

ನವ್ಯಾ ಅತ್ತ ಇತ್ತ ಉಣ್ಣುತ್ತಿದ್ದ ಮಕ್ಕಳನ್ನು ಒಮ್ಮೆ ನೋಡಿ, ಬಾಯಿ ತೆರೆದಳು.