ಕೇಳಿ ಅಳತೆ ತೆಗೆಯುವವಳು

"ಅಮ್ಮಾ, ಟೇಪಕ್ಕ ಯಾಕೆ ನನ್ನ ಕೇಳ್ಕೊಂಡು ಅಳತೆ ತಗೋತಾರೆ? ಕೂದಲು ಕತ್ತರಿಸೋರು ಕೇಳೋದೇ ಇಲ್ಲ, ತಲೆ ಹಿಡಿದು ಬಗ್ಗಿಸ್ತಾರೆ."

ಶಾಲೆಯ ಸ್ಕರ್ಟಿಗೆ ಅಳತೆ ಕೊಡಲು ಬಂದ ಪುಟ್ಟಿ ಹೊಲಿಗೆ ಅಂಗಡಿಯ ನಡುವೆಯೇ ನಿಂತು ಕೇಳಿದಳು. "ಸುಮ್ನಿರೇ, ಮಾತಿನ ಮಲ್ಲಿ" ಎಂದು ಅವಳ ಅಮ್ಮ ನಕ್ಕಳು. ಟೇಪಕ್ಕ ನಗಲಿಲ್ಲ.

"ಬೇರೆಯವರ ಮನೆಗೆ ಹೋದ್ರೆ ಬಾಗಿಲು ತಟ್ಟಲ್ವಾ? ಹಾಗೇ. ಈಗ ಈ ತುದಿ ಸೊಂಟದ ಹತ್ರ ನೀನೇ ಹಿಡ್ಕೋ. ಸಡಿಲ ಹಿಡಿದು, ಆಮೇಲೆ ಸ್ಕರ್ಟ್ ಕಾಲಿಗೆ ಬಿತ್ತು ಅಂತ ನನ್ನ ಮೇಲೆ ಜಗಳಕ್ಕೆ ಬರಬಾರದು."

ಯಾವಾಗ ನೋಡಿದರೂ ಕೊರಳಲ್ಲಿ ಟೇಪು ನೇತಾಡುವುದರಿಂದ ಬೀದಿಯ ಮಕ್ಕಳೇ ಇಟ್ಟ ಹೆಸರು ಟೇಪಕ್ಕ. ದೊಡ್ಡವರ ಬಾಯಲ್ಲೂ ಅದೇ ನಿಂತಿತು. ಅಂಗಡಿಯ ಹಿಂದಿನ ಕೋಣೆಯೇ ಅವಳ ಮನೆ. ಒಂದು ಮಂಚ, ಒಂದು ಒಲೆ, ಒಂದು ತಟ್ಟೆ. ಎರಡನೆಯ ತಟ್ಟೆ ಕೊಳ್ಳುವ ಪ್ರಸಂಗವೇ ಬರಲಿಲ್ಲ. ಮದುವೆಯ ಮಾತೆತ್ತಿದವರಿಗೆ ಹೊಲಿಗೆ ಮೆಷಿನ್ ತೋರಿಸಿ, "ಇವರಿದ್ದಾರಲ್ಲ. ಆಗಾಗ ಎಣ್ಣೆ ಬಿಟ್ಟರೆ ಸಾಕು, ಎದುರು ಮಾತಾಡಲ್ಲ" ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಅವರು ಹೋದ ಮೇಲೆ ಮೆಷಿನ್ ಸದ್ದು ನಿಂತರೆ ಅಂಗಡಿ ಬಿಕೋ ಅನ್ನುತ್ತಿತ್ತು. ಅದಕ್ಕೇ ಅವಳು ಕೆಲಸವಿಲ್ಲದಿದ್ದರೂ ಚಿಂದಿ ಜೋಡಿಸಿ ಏನಾದರೊಂದು ಹೊಲಿಯುತ್ತಿದ್ದಳು.

ತಾಯಿ ಸತ್ತ ಮೇಲೆ ಅವಳು ಬೆಳೆದದ್ದು ದೊಡ್ಡಪ್ಪನ ಮನೆಯಲ್ಲಿ. ಆ ಮನೆಗೆ ಬಟ್ಟೆ ಹೊಲಿಯಲು ಬರುತ್ತಿದ್ದವನ ಕೈ ಅಳತೆಯ ನೆಪದಲ್ಲಿ ಎಲ್ಲೆಲ್ಲೋ ಹೋಗುತ್ತಿತ್ತು. ದೊಡ್ಡಮ್ಮನಿಗೆ ಹೇಳಿದರೆ, "ಬಾಯ್ಮುಚ್ಚು, ಯಾರಾದ್ರೂ ಕೇಳಿಸ್ಕೊಂಡಾರು" ಎಂದಿದ್ದಳು. ಪಕ್ಕದ ಮನೆಯ ಅಜ್ಜಿ ಮಾತ್ರ, ಅವನು ಬಂದ ದಿನವೆಲ್ಲ, "ನನಗೆ ಕಣ್ಣು ಕಾಣಲ್ಲ, ಸೂಜಿಗೆ ದಾರ ಪೋಣಿಸಿಕೊಡು ಬಾರೇ" ಎಂದು ಬೇಲಿಯಾಚೆಯಿಂದ ಕರೆಯುತ್ತಿದ್ದರು. ಅಷ್ಟೊಂದು ಸೂಜಿ ಯಾವ ಮನೆಯಲ್ಲಿರುತ್ತದೆ? ಅದು ತನ್ನನ್ನು ಕಾಯುವ ಉಪಾಯ ಎಂದು ಅವಳಿಗೆ ತಿಳಿಯುವ ಹೊತ್ತಿಗೆ ಆ ಅಜ್ಜಿ ಇರಲಿಲ್ಲ.

ಈಗ ಅವಳ ಅಂಗಡಿಯಲ್ಲೂ ಸಂಜೆಹೊತ್ತು ಒಬ್ಬ ಹುಡುಗಿ ಸ್ಟೂಲಿನ ಮೇಲೆ ಕೂತು ಗುಂಡಿಗಳನ್ನು ಬಣ್ಣಬಣ್ಣವಾಗಿ ಬೇರೆ ಮಾಡುತ್ತಾಳೆ. ತಾಯಿಗೆ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸ, ಬರುವಾಗ ಕತ್ತಲಾಗುತ್ತದೆ. ಮೊದಲೆಲ್ಲ ಹುಡುಗಿ ಬೀಗದ ಕೈ ಕುಣಿಸುತ್ತ ಶಾಲೆಯಿಂದ ನೇರ ಮನೆಗೆ ಹೋಗುತ್ತಿದ್ದಳು. ಕೆಲಸ ಹುಡುಕಿಕೊಂಡು ಬಂದ ನೆಂಟನೊಬ್ಬ ಆ ಮನೆಯಲ್ಲಿ ಉಳಿದುಕೊಂಡ ಮೇಲೆ ಇಲ್ಲಿಗೆ ಬರತೊಡಗಿದಳು. ಮೊನ್ನೆ ಗುಂಡಿಗಳಿಂದ ತಲೆ ಎತ್ತದೆ ಹೇಳಿದಳು:

"ಮಾಮ ಒಬ್ರೇ ಇರ್ತಾರೆ. ಒಳಗೆ ಬಾ, ಬಾಗಿಲು ಹಾಕು ಅಂತಾರೆ. ನಂಗೆ ಬೇಡ."

ಮೆಷಿನ್ ತುಳಿಯುತ್ತಿದ್ದ ಟೇಪಕ್ಕನ ಕಾಲು ತಾನಾಗಿ ನಿಂತಿತು. ಕೆದಕಿ ಕೇಳಲಿಲ್ಲ. "ಹೇಳಿದ್ದು ಒಳ್ಳೇದಾಯ್ತು ಕಣೇ. ನಿಂದೇನೂ ತಪ್ಪಿಲ್ಲ. ಅಮ್ಮನಿಗೆ ಹೇಳ್ಲಾ?" ಎಂದಳು.

"ನಾನು ಹೇಳಲ್ಲ. ನೀವು ಹೇಳಿ."

ಸೋಮವಾರದಿಂದ ಶಾಲೆಗೆ ರಜೆ. ಆಮೇಲೆ ಹುಡುಗಿ ಇಡೀ ದಿನ ಆ ಮನೆಯಲ್ಲೇ ಇರಬೇಕು.

ಆಮೇಲೆ ತಾಯಿ ಕರೆದೊಯ್ಯಲು ಬಂದಾಗಲೆಲ್ಲ ಟೇಪಕ್ಕ ಬೇರೇನೋ ಮಾತಾಡಿ ಕಳಿಸಿಬಿಟ್ಟಿದ್ದಳು. ಹೋದ ವರ್ಷ ಇಂಥದೇ ಸುಳಿವು ಸಿಕ್ಕಾಗ ಇನ್ನೊಂದು ಮಗುವಿನ ತಾಯಿಯ ಹತ್ತಿರ ಒಬ್ಬಳೇ ಹೋಗಿದ್ದಳು. "ಮಕ್ಕಳಿಲ್ಲದೋಳಿಗೆ ಊರ ಮಕ್ಕಳ ಉಸಾಬರಿ" ಎಂದು ಆಕೆ ಮುಖಕ್ಕೇ ಹೇಳಿದಳು. ಆ ಮಗು ಈಗ ಎದುರಿನ ಫುಟ್‌ಪಾತಿನಲ್ಲಿ ತಲೆ ತಗ್ಗಿಸಿಕೊಂಡು ಹೋಗುತ್ತದೆ. ಈ ಹುಡುಗಿಯೂ ಹಾಗೆ ದಾಟಿಹೋದರೆ? ಈ ಸ್ಟೂಲೂ ಇಲ್ಲದಿದ್ದರೆ ಅವಳಿಗೆ ಇನ್ನೆಲ್ಲಿ ಜಾಗ?

ಅಳತೆ ಕೊಟ್ಟು ಮುಗಿಸಿದ ಪುಟ್ಟಿ, ಗುಂಡಿಯ ಡಬ್ಬಿ ಕಂಡದ್ದೇ ಹುಡುಗಿಯ ಸ್ಟೂಲಿನ ಪಕ್ಕ ನೆಲದಲ್ಲಿ ಕೂತಿದ್ದಳು. "ನೀಲಿ ನಂದು!" "ಏಯ್, ಅದು ನೀಲಿ ಅಲ್ಲ, ನೇರಳೆ!" ಇಬ್ಬರದೂ ಜಗಳ ಹತ್ತಿತ್ತು. ಟೇಪಕ್ಕ ಪುಟ್ಟಿಯ ಅಮ್ಮನನ್ನು ಇಸ್ತ್ರಿ ಮೇಜಿನ ಹಿಂದೆ ಕರೆದು, ದನಿ ತಗ್ಗಿಸಿ, ಹುಡುಗಿ ಹೇಳಿದ್ದನ್ನು ಹೇಳಿದಷ್ಟೇ ಹೇಳಿದಳು.

ಪುಟ್ಟಿಯ ಅಮ್ಮ ತಿರುಗಿ ಸ್ಟೂಲಿನ ಕಡೆ ನೋಡಿದಳು. "ರಜೆಗೆ ನಮ್ಮನೇಲಿ ಇರ್ಲಿ ಬಿಡಿ, ಪುಟ್ಟಿಗೂ ಜೊತೆಯಾಗುತ್ತೆ."

"ಅದು ಸರಿ. ಆದ್ರೆ ಅವನು ಆ ಮನೇಲಿ ಇದ್ದೇ ಇರ್ತಾನಲ್ಲಮ್ಮ. ತಾಯಿಗೆ ಗೊತ್ತಾಗಲೇಬೇಕು."

ಬೀದಿದೀಪ ಹತ್ತಿತು. ಆಸ್ಪತ್ರೆಯ ಕಡೆಯಿಂದ ಬರುವ ಬಸ್ಸು ತಿರುವಿನಲ್ಲಿ ನಿಂತು ಹೊರಟಿತು. ಟೇಪಕ್ಕ ಕೈಯನ್ನು ಸೆರಗಿಗೆ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು.

"ಇನ್ನೊಬ್ಬರನ್ನ ಜೊತೆಗೆ ಕರ್ಕೊಳ್ಲಾ ಅಂತ ಹುಡುಗೀನ ಕೇಳಿದೀನಿ. ಪುಟ್ಟಿ ಅಮ್ಮ ಆದ್ರೆ ಆಗ್ಲಿ ಅಂದ್ಲು. ಅವಳಮ್ಮ ಈಗ ಬರ್ತಾಳೆ. ಮಾತು ನಾನೇ ಆಡ್ತೀನಿ, ಬೈದ್ರೂ ನಾನೇ ಬೈಸ್ಕೋತೀನಿ. ನೀವು ಸುಮ್ನೆ ನನ್ನ ಪಕ್ಕ ನಿಂತ್ಕೊಳ್ತೀರಾ?"