ಬೂದಿ ಗೆರೆಯ ವಾಲಿಬಾಲ್

"ನೀ ಊರಾಂವೋ, ಕ್ಯಾಂಪಿನಾಂವೋ?"

ಸಿಂಧನೂರಿಗೆ ಬಂದ ಮೊದಲ ವಾರ, ವಾಲಿಬಾಲ್ ಆಡುತ್ತಿದ್ದವರ ಪಕ್ಕ ಹೋಗಿ ನಿಂತಾಗ ನನಗೆ ಎದುರಾದ ಪ್ರಶ್ನೆ ಇದು. ಹೆಸರು ಕೇಳಲಿಲ್ಲ, ಆಡಲು ಬರುತ್ತದೆಯೇ ಎಂದೂ ಕೇಳಲಿಲ್ಲ. "ಕೊಳ್ಳೇಗಾಲದವನು" ಅಂದೆ. "ಅದೆಲ್ಲಿ ಬರ್ತೈತಪಾ?" ಎಂದು ಒಬ್ಬ ನಕ್ಕ. ಅಲ್ಲಾ ಸ್ವಾಮಿ, ಒಂದೇ ರಾಜ್ಯ, ಒಂದೇ ಭಾಷೆ. ಆದರೂ ನನ್ನೂರಿನ ಹೆಸರೇ ಗೊತ್ತಿಲ್ಲದ ಜಾಗಕ್ಕೆ ನರ್ಸಿಂಗ್ ಓದಲು ಬಂದುಬಿಟ್ಟಿದ್ದೆ.

ನಮ್ಮ ಕಡೆ ಕ್ಯಾಂಪ್ ಅಂದರೆ ಕಣ್ಣಿನ ತಪಾಸಣೆಯದು. ಸಂಜೆಗೆ ಪೆಂಡಾಲು ಬಿಚ್ಚುತ್ತಾರೆ. ಇಲ್ಲಿ ಕ್ಯಾಂಪ್ ಅಂದರೆ, ಕಾಲುವೆಗೆ ನೀರು ಬಂದ ಕಾಲದಲ್ಲಿ ಆಂಧ್ರದಿಂದ ಬಂದು ಗದ್ದೆ ಮಾಡಿದವರು ಕಟ್ಟಿಕೊಂಡ ವಸತಿ; ಊರು ಅಂದರೆ ಮೊದಲಿನಿಂದ ಇದ್ದವರದು. ಬಂದದ್ದು ಅಜ್ಜ. ಮೊಮ್ಮಗ ಇಲ್ಲೇ ಹುಟ್ಟಿ ಇಲ್ಲೇ ಕನ್ನಡ ಕಲಿತರೂ ಕ್ಯಾಂಪಿನವನೇ. ನನಗೆ ಬಾಡಿಗೆಗೆ ಖೋಲಿ ಸಿಕ್ಕಿದ್ದು ಗೊರೇಬಾಳದ ದಾರಿಯ ಅಂಥದ್ದೊಂದು ಕ್ಯಾಂಪಿನಲ್ಲಿ, ಶ್ರೀನು ಎಂಬ ನನ್ನ ವಯಸ್ಸಿನ ಹುಡುಗನ ಮನೆಯ ಹಿಂದೆ. ಖೋಲಿ ಅಂದರೆ ಕೋಣೆ. ಅದೂ ಬಂದ ಮೇಲೇ ಕಲಿತದ್ದು.

ಮುದ್ದೆ ತಿಂದು ಬೆಳೆದವನಿಗೆ ಜೋಳದ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. ಬೆಳಿಗ್ಗೆ ಹೋಟೆಲಿನಲ್ಲಿ ಒಗ್ಗರಣಿ ಅಂದರೆ ಸಾರಿಗೆ ಹಾಕುವುದಲ್ಲ, ನೆನೆಸಿದ ಮಂಡಕ್ಕಿ, ಜೊತೆಗೆ ಮಿರ್ಚಿ. ಖಾರಕ್ಕೆ ಕಣ್ಣೀರು ಬಂದರೆ ಒಳ್ಳೆಯದೇ ಆಯಿತು ಅಂದುಕೊಳ್ಳುತ್ತಿದ್ದೆ, ಅಳುವುದಕ್ಕೆ ಒಂದು ನೆಪ. ಖೋಲಿಯ ಇನ್ನಿಬ್ಬರಲ್ಲಿ ಒಬ್ಬ ಮಸ್ಕಿಯವನು, ಒಬ್ಬ ಲಿಂಗಸೂಗೂರಿನವನು. ಶನಿವಾರ ಬಂತೆಂದರೆ ಇಬ್ಬರೂ ಬಸ್ ಹತ್ತಿ ಮನೆ ಸೇರುತ್ತಿದ್ದರು. ನಾನು ಅವರ ಒಗೆದ ಬಟ್ಟೆ ಮಡಚಿಟ್ಟು ಕೂರುತ್ತಿದ್ದೆ.

ಬೆಳಿಗ್ಗೆ ವಾರ್ಡು, ಮಧ್ಯಾಹ್ನ ಪಾಠ, ಮಧ್ಯೆ ಸೀನಿಯರ್ ಸಿಸ್ಟರ್ ಬೈಗುಳ. ಮೊದಲ ವರ್ಷವೇ ಎರಡು ವಿಷಯ ಫೇಲಾಗಿ ಉಳಿದವು. "ಹೊಟ್ಟಿ ಬ್ಯಾನಿ ಆಗಾಕತ್ತೈತ್ರಿ" ಎಂದು ರೋಗಿ ಅಂದರೆ ಬ್ಯಾನಿ ಅಂದರೇನೆಂದು ಪಕ್ಕದವನ ಮುಖ ನೋಡಬೇಕಿತ್ತು. ಬೇನೆಯಪ್ಪಾ ಅದು, ನಮ್ಮದೇ ಬೇನೆ! ಒಂದು ದಿನ ಒಬ್ಬ ಅಜ್ಜಿ "ನಿನ್ನ ಕೈಲೆ ಸೂಜಿ ಮಾಡಿದ್ರ ನೋಯೂದಿಲ್ಲ ತಮ್ಮಾ" ಅಂದಳು. ಇಲ್ಲಿ ನಾನು ಗೆದ್ದದ್ದು ಅದೊಂದೇ.

ಜೀವ ಉಳಿಸಿದ್ದು ಸಂಜೆಯ ಆಟ. ಊರಿಗೂ ಕ್ಯಾಂಪಿಗೂ ನಡುವಿನ ಬೀಳು ಜಾಗದಲ್ಲಿ ನೆಟ್ ಕಟ್ಟಿ, ರೈಸ್‌ಮಿಲ್ಲಿನ ಹೊಟ್ಟಿನ ಬೂದಿಯಿಂದ ಗೆರೆ ಎಳೆಯುತ್ತಿದ್ದರು. ಒಂದು ಕಡೆ ಊರು, ಇನ್ನೊಂದು ಕಡೆ ಕ್ಯಾಂಪು, ದಿನವೂ ಹಾಗೇ. ಯಾರಿಗೆ ಆಳು ಕಡಿಮೆಯೋ ಆ ಕಡೆಗೆ ನಾನು. ಊರಿನ ಕಡೆ ನನ್ನ ಕ್ಲಾಸಿನ ಬಾಷಾ ಇದ್ದ. ಮನೆಯಲ್ಲಿ ದಖನಿ ಉರ್ದು, ನನ್ನ ಹತ್ತಿರ ಕನ್ನಡ, ನೆಟ್ ಹತ್ತಿರ ಮಾತೇ ಇಲ್ಲ. ನಾನು ಹಾರುವ ಹೊತ್ತಿಗೆ ಸರಿಯಾಗಿ ಚೆಂಡು ಎತ್ತಿಕೊಡುತ್ತಿದ್ದ. ವಾರ್ಡಿನಲ್ಲಿ ಮೊದಲ ಸಲ ಹೆಣಕ್ಕೆ ಬಟ್ಟೆ ಸುತ್ತಿದ ದಿನವೂ ಆಡಿದೆ. ಎಂದಿಗಿಂತ ಜೋರಾಗಿ ಹೊಡೆದೆ. ಆ ರಾತ್ರಿ ನಿದ್ದೆ ಬಂತು, ಅದಕ್ಕಿಂತ ಇನ್ನೇನು ಬೇಕು?

ದಸರೆಗೆ ಊರು-ಕ್ಯಾಂಪ್ ಪಂದ್ಯ. ಎರಡೂ ಕಡೆ ಆಳು ಭರ್ತಿ.

"ನೀ ಯಾರ ಪೈಕಿನೂ ಅಲ್ಲ. ಅಂಪೈರ್ ನೀನ ಆಗು" ಅಂದ ಬಾಷಾ.

"ಹೌದು, ನೀನೇ ಸರಿ" ಅಂದ ಶ್ರೀನು. ಅವರಿಬ್ಬರೂ ಒಪ್ಪಿದ್ದು ಅದೊಂದು ಮಾತನ್ನೇ.

ಕೊನೆಯ ಪಾಯಿಂಟಿಗೆ ಶ್ರೀನು ಹೊಡೆದ ಚೆಂಡು ಮೂಲೆಯಲ್ಲಿ ಬಿತ್ತು. ಅಷ್ಟು ಹೊತ್ತಿಗೆ ಕಾಲು ತುಳಿತಕ್ಕೆ, ಗಾಳಿಗೆ, ಬೂದಿ ಚದುರಿ ಗೆರೆಯೇ ಉಳಿದಿರಲಿಲ್ಲ. ಬಾಯಿಗೆ ಬಂದದ್ದು "ಔಟ್!"

"ಗೆರೆ ಮ್ಯಾಲ ಬಿದ್ದದ ಕದಾ!" ಸಿಟ್ಟಿಗೆ ತೆಲುಗು ಬೆರೆಸುತ್ತ ಶ್ರೀನು ನುಗ್ಗಿ ಬಂದ. "ಬಾಷಾ ನಿನ್ನ ದೋಸ್ತ್ ಅಂತ ಔಟ್ ಕೊಟ್ಟಿಯೇನು?"

ಹೆದರಿ, "ಮತ್ತೆ ಆಡಿಬಿಡಿ" ಅಂದೆ.

ಊರಿನವರು ಎದ್ದರು. "ಯಾಕಲೇ? ಕ್ಯಾಂಪಿನ್ಯಾಗ ಖೋಲಿ ಐತಂತ ಮಾತು ತಿರುವಾಕತ್ತಿಯೇನು?"

ಆಮೇಲೆ ಚೆಂಡಿನ ಮಾತು ಎಲ್ಲೋ ಹೋಯಿತು. ನಿಮ್ಮಜ್ಜ ಬಂದಾಗ ಈ ಹೊಲ ಯಾರದಿತ್ತು ಎಂದು ಇವರು, ಇದನ್ನು ಗದ್ದೆ ಮಾಡಿದ್ದು ಯಾರು ಎಂದು ಅವರು. ಹಿರಿಯರು ಬಂದು ನೆಟ್ ಬಿಚ್ಚಿಸಿದರು.

ಈಗ ಎರಡು ನೆಟ್. ಊರಿನ ಶಾಲೆ ಹಿಂದೆ ಒಂದು, ಕ್ಯಾಂಪಿನ ಕಣದಲ್ಲಿ ಒಂದು. ಬಾಷಾ ಬಂದು ಕೇಳಿದ, "ನಮ್ಮ ಕಡೆ ಆಡು ಬಾರಲೇ. ಔಟ್ ಇತ್ತು ಅಂತ ಹುಡುಗ್ರ ಮುಂದ ಒಂದು ಮಾತು ಹೇಳಿಬಿಡು, ಸಾಕು." ಶ್ರೀನುವೂ ಬಂದ. "ಇನ್ ಇತ್ತಂತ ಹೇಳು. ಆಟನೂ ಇರ್ತದ, ಖೋಲಿನೂ ಇರ್ತದ." ಇಬ್ಬರಿಗೂ ಇದ್ದದ್ದನ್ನೇ ಹೇಳಿದೆ: ಗೆರೆಯೇ ಇರಲಿಲ್ಲ, ನನಗೆ ಗೊತ್ತಿಲ್ಲ.

"ಗೊತ್ತಿಲ್ಲಂದ್ರ ಔಟ್ ಅಂತ ಯಾಕ ಒದರಿದಿ?" ಅಂದ ಬಾಷಾ. ಅವನು ಈಗ ವಾರ್ಡಿನಲ್ಲಿ ರೋಗಿಯನ್ನು ಎತ್ತುವಾಗ ಮಾತ್ರ ನನ್ನ ಎದುರು ನಿಲ್ಲುತ್ತಾನೆ. ಶ್ರೀನು ಖೋಲಿ ಖಾಲಿ ಮಾಡು ಅನ್ನಲಿಲ್ಲ. ಹೊರಗೆ ಸಿಕ್ಕರೆ ಮುಖ ತಿರುಗಿಸುತ್ತಾನೆ. ಸಂಜೆ ಎರಡೂ ಕಡೆ ಚೆಂಡಿನ ಸದ್ದು. ಪುಸ್ತಕ ತೆರೆದು ಕೂರುತ್ತೇನೆ, ಓದು ತಲೆಗೆ ಹತ್ತುವುದಿಲ್ಲ. ಈ ವರ್ಷವೂ ಪಾಸಾಗುವ ಹಾಗೆ ಕಾಣುವುದಿಲ್ಲ.

"ಆಗ್ದಿದ್ರೆ ಬಂದ್ಬುಡು ಕೂಸು" ಅಂದಳು ಅವ್ವ ಫೋನಿನಲ್ಲಿ. ರಜೆಗೆ ಕೊಳ್ಳೇಗಾಲಕ್ಕೆ ಹೋದೆ. ಹಳೇ ಗೆಳೆಯರು ಹೈಸ್ಕೂಲ್ ಮೈದಾನಕ್ಕೆ ಎಳೆದುಕೊಂಡು ಹೋದರು. ಅಲ್ಲಿ ಯಾವ ಕಡೆಯವನೆಂದು ಯಾರೂ ಕೇಳಲಿಲ್ಲ. ಚೆಂಡು ನೆಟ್ಟಿನ ಹತ್ತಿರ ಬಂತು, ನಾನು ಓಡಿ ಬಂದು ಹಾರಿದೆ, ಹಾರುತ್ತಲೇ ಕೂಗಿದೆ.

"ಎತ್ತಲೇ ಬಾಷಾ!"

ಚೆಂಡು ಕೆಳಗೆ ಬಿತ್ತು. ಎಲ್ಲರೂ ನನ್ನನ್ನೇ ನೋಡಿದರು.

"ಯಾರ್‍ಲಾ ಬಾಷಾ?" ಅಂದ ಒಬ್ಬ.

ಯಾರೂ ಇಲ್ಲ ಅಂದೆ.